ಕೊನೆಯ ಹದಿನಾರು ಪುಟ

ಫೋರ್ಟಿನ ಕಾಲುದಾರಿಯಲ್ಲಿ ಎಂಟಾಣೆಗೆ ಕೊಂಡದ್ದು.
ರಟ್ಟಿನ ಮೇಲೆ ಕುದುರೆ, ಕುದುರೆಯ ಮೇಲೆ ಟೊಪ್ಪಿ,
ಟೊಪ್ಪಿಯ ಕೆಳಗೆ ಮುಖ ಇರಲಿಲ್ಲ;
ಯಾರೋ ಚಹಾದ ಲೋಟ ಇಟ್ಟು ಅಳಿಸಿದ್ದರು.
ಕೊನೆಯ ಹದಿನಾರು ಪುಟವೂ ಇರಲಿಲ್ಲ.
ಅದು ಗೊತ್ತಾದದ್ದು ಆಮೇಲೆ.

ರಾತ್ರಿಶಾಲೆಯ ಒಂಬತ್ತನೇ ಕ್ಲಾಸಿನ ಇಂಗ್ಲಿಷು ನನ್ನದು.
ಹನ್ನೊಂದಕ್ಕೆ ಹೋಟೆಲಿನ ಶಟರು ಎಳೆದ ಮೇಲೆ
ಮೇಜು ಜೋಡಿಸಿ ಮಲಗಿದ ಹುಡುಗರಿಗೆ
ಒಂದೊಂದೇ ಸಾಲು ಬಿಡಿಸಿ ಹೇಳುತ್ತಿದ್ದೆ.
ಶೆರಿಫನನ್ನು ಪಟೇಲ ಮಾಡಿದೆ, ವಿಸ್ಕಿಯನ್ನು ಕಳ್ಳು.
ಸಲೂನಿನಲ್ಲಿ ಗುಂಡು ಹಾರಿತು ಎಂದಾಗ
ಕ್ಷೌರದಂಗಡಿಯೆಂದೇ ತಿಳಿದರು ಎಲ್ಲರೂ,
ನಾನೂ.
ಅರ್ಧ ಬೋಳಿಸಿದ ಗಲ್ಲ, ನೊರೆ ಹಾಗೇ,
ಕುದುರೆ ಹತ್ತಿ ಓಡಿದ ಅವನು, ಮೂರು ರಾತ್ರಿ.
ನಾಲ್ಕನೆಯ ದಿನ ಡಿಕ್ಷನರಿ ಸಿಕ್ಕಿತು. ಯಾರಿಗೂ ಹೇಳಲಿಲ್ಲ.

ತನಿಯ ಮಾತ್ರ ನಿದ್ದೆ ಹೋಗುತ್ತಿರಲಿಲ್ಲ.
ಕಪ್ಪುಬಸಿ ತೊಳೆಯುವವನು; ಬೆರಳ ಸಂದಿ ಬಿಳಿಚಿ ಬಿರಿದಿತ್ತು.
"ಮೊದಲು ಕದ್ದದ್ದು ಎಷ್ಟು?"
ಕದ್ದದ್ದಲ್ಲ ಮಾರಾಯ, ಮೂರು ತಿಂಗಳ ಸಂಬಳ,
ಧಣಿ ಕೊಡದೆ ಇಟ್ಟುಕೊಂಡದ್ದು,
ಇವನು ತೆಗೆದುಕೊಂಡ, ಎಂದೆ.
ಪುಸ್ತಕದಲ್ಲಿ ಹಾಗೇ ಇತ್ತು.
ತನಿಯ ಬೆರಳು ಮಡಚಿ ಏನೋ ಎಣಿಸಿದ.

ಪುಟ ಮುಗಿದ ರಾತ್ರಿ
ಅವನು ಹೊಳೆಯ ದಡದಲ್ಲಿದ್ದ, ಹಿಂದೆ ಏಳು ಕುದುರೆ.
"ಮತ್ತೆಂತ?"
ಮೇಜುಗಳೆಲ್ಲ ಎದ್ದು ಕೂತವು.
ದಾಟಿದ, ಎಂದುಬಿಟ್ಟೆ.
"ಹೇಗೆ?"
ಅಂಬಿಗ ಬಂದ. ಕುದುರೆಯನ್ನೂ ದೋಣಿಗೆ ಹತ್ತಿಸಿಕೊಂಡ.
ದುಡ್ಡು ಕೇಳಲಿಲ್ಲ.

ಹತ್ತು ದಿನ ಬಿಟ್ಟು ತನಿಯ ಇಲ್ಲ.
ಗಲ್ಲಾದಲ್ಲಿ ನೂರಾ ಎಂಬತ್ತು ರೂಪಾಯಿ ಕಡಿಮೆ.
ಉಳಿದ ನಾನೂರು ಹಾಗೇ ಬಿದ್ದಿತ್ತು, ಮುಟ್ಟಿರಲಿಲ್ಲ.
ಮಾಲಕರು ನಕ್ಕರು: "ಕಳ್ಳನಿಗೂ ಲೆಕ್ಕ ಬರುವುದಿಲ್ಲ."
ತಿಂಗಳಿಗೆ ಅರವತ್ತರಂತೆ ಮೂರು ತಿಂಗಳು.
ನನಗೆ ಬಂತು ಲೆಕ್ಕ. ಬಾಯಿ ಬರಲಿಲ್ಲ.

ಸಿನಿಮಾ ಬಂದದ್ದು ಏಳು ವರ್ಷಕ್ಕೆ,
ಗ್ರಾಂಟ್ ರೋಡಿನಲ್ಲಿ, ಬೆಳಗಿನ ಆಟ.
ಅಷ್ಟರಲ್ಲಿ ಗಲ್ಲಾದ ಹಿಂದೆ ನಾನೇ ಕೂತಿದ್ದೆ.
ಪುಸ್ತಕದುದ್ದಕ್ಕೂ ದವಡೆ ಹಿಡಿದು ನರಳಿದವನಿಗೆ
ಪರದೆಯ ಮೇಲೆ ಮೂವತ್ತೆರಡೂ ಹಲ್ಲು.
ಇಪ್ಪತ್ತು ಪುಟ ಕುಂಟಿದ ಕುದುರೆ ಒಮ್ಮೆಯೂ ಕುಂಟಲಿಲ್ಲ.
ಸಂಬಳದ ಮಾತೇ ಇಲ್ಲ;
ಸುಮ್ಮನೆ ಒಂದು ಬ್ಯಾಂಕು ದೋಚಿದ, ಜನ ಸಿಳ್ಳೆ ಹಾಕಿದರು.
ಮರುಭೂಮಿಯ ಬೆಳಕು ಥಿಯೇಟರಿಗೆ ಹರಿದಾಗಲೆಲ್ಲ
ಅಕ್ಕಪಕ್ಕದ ಸಾಲಿನಲ್ಲಿ ಬೆರಳುಗಳನ್ನು ನೋಡಿದೆ.

ಹೊಳೆ ಬಂತು.
ಮೊಣಕಾಲಿಗೂ ಬಾರದ ನೀರು.
ನಡೆದೇ ದಾಟಬಹುದಿತ್ತು.
ನಡುನೀರಿನಲ್ಲಿ ಹೊಡೆದರು.

ನಾನು ಹೇಳಿದ್ದು ನಮ್ಮೂರ ಹೊಳೆ,
ಆಟಿಯಲ್ಲಿ ಆಚೆ ದಡ ಕಾಣದ್ದು.
ಈಜು ಬಾರದ ಹುಡುಗನಿಗೆ ಹೇಳಿದ್ದೆ,
ಅಂಬಿಗ ಬರುತ್ತಾನೆಂದು.

ಹೊರಗೆ ಬಿಸಿಲು. ಬಸ್ಸು ಹಿಡಿದು ಬಂದು ಗಲ್ಲಾ ತೆರೆದೆ.
ಬಸಿ ತೊಳೆಯುವ ಹೊಸ ಹುಡುಗ
ಕೈ ಒರೆಸುತ್ತ ಬಂದು ನಿಂತ, ಸಂಬಳ ಯಾವಾಗ ಎಂದ.
ಮಾಲಕರು ಊರಿಂದ ಬರಲಿ,
ಎಂದೆ.