ಕತ್ತರಿ ಬಿಟ್ಟ ಎಲೆ

ಬಜಾಲಿನಲ್ಲಿ ಎಲೆ ಉದುರುವ ಕಾಲ ಅಂತ ಬೇರೆ ಇಲ್ಲ.
ಹಲಸು ತನಗೆ ಬೇಕೆನಿಸಿದಾಗ ಒಂದೊಂದು ಬಿಡುತ್ತದೆ,
ಬಿಟ್ಟದ್ದನ್ನು ಗುಡಿಸುತ್ತೇವೆ, ಅಷ್ಟೆ.
ಒಣಗಿದ ಎಲೆ ನಮ್ಮ ಮನೆಗೆ ಬರುವುದು ಬೀಡಿ ಬ್ರಾಂಚಿನಿಂದ,
ಕಿಲೋ ಲೆಕ್ಕದಲ್ಲಿ, ಚೀಲದಲ್ಲಿ,
ನಾನು ನೋಡದ ಯಾವುದೋ ಕಾಡಿನ ಬಣ್ಣ ಹೊತ್ತು.

ದಸರಾ ರಜೆಯ ನಾಲ್ಕನೇ ದಿನ.
ಮಳೆ ಹೋಯಿತೆಂದು ನಂಬಲು ಅಂಗಳ ಇನ್ನೂ ತಯಾರಿಲ್ಲ,
ಪಾಚಿ ಜಾರುತ್ತದೆ. ಆದರೂ ನಿರ್ನಾಲದ ಬಿಸಿಲು
ಜಗಲಿಯ ಸಿಮೆಂಟಿಗೆ ಬಂದು ಕಾಲು ನೀಡಿ ಕೂತಿದೆ.
ತನ್ವಿತಾ ಬಂದಳು. ಹಿಂದೆಯೇ ಆಚೆಮನೆ ಮಿಸ್ರಿಯಾಳ ರಾಹಿಲ್,
ಮೂಗು ಸುರಿಸುತ್ತ, ಒಂದು ಕೈಯಲ್ಲಿ ಚಡ್ಡಿ ಹಿಡಿದು.
"ಅಮ್ಮಾ, ಎಂತಾದರೂ ಮಾಡುವ."

ಎಂತ ಮಾಡುವುದು, ಸಾವಿರಕ್ಕೆ ಇನ್ನೂ ಮುನ್ನೂರು ಬಾಕಿ.

ಮೊದಲು ಹೊಗೆಸೊಪ್ಪು ಅಟ್ಟಕ್ಕೆ.
ಆಮೇಲೆ ನನ್ನ ಕೈ: ಸೋಪು ಹಾಕಿ ಒಮ್ಮೆ,
ಹುಣಸೆಹುಳಿ ಉಜ್ಜಿ ಇನ್ನೊಮ್ಮೆ,
ಮೂಸಿ ನೋಡಿ ಮತ್ತೊಮ್ಮೆ.
ವಾಸನೆ ಹೋಗುವುದಿಲ್ಲ, ತೊಳೆಯುವುದನ್ನು ನಾನು ಬಿಡುವುದೂ ಇಲ್ಲ.

ಅಳತೆಯ ತಗಡು ಇಟ್ಟು ಕತ್ತರಿಸಿದ ಮೇಲೆ
ಉಳಿಯುತ್ತದಲ್ಲ, ತೊಟ್ಟು, ನರ, ಅಂಚಿನ ಬಾಗು,
ಬಚ್ಚಲ ಒಲೆಗೆ ಹೋಗುವ ಚೂರು,
ಅದನ್ನೆಲ್ಲ ಚಾಪೆಯ ಮೇಲೆ ಸುರಿದೆ.
ನೀರು ಚಿಮುಕಿಸಿದ ಎಲೆ ಮಾತು ಕೇಳುತ್ತದೆ,
ಒಣ ಎಲೆ ಕೇಳುವುದಿಲ್ಲ, ಮುರಿಯುತ್ತದೆ.
ನಾನು ಹೇಳಿಕೊಟ್ಟ ಪಾಠ ಇದೊಂದೇ.
ಅಂಟಿಗೆ ಮೈದಾ ಕಾಯಿಸಿದೆ;
ಕುಚ್ಚಲಕ್ಕಿಯ ಅಗುಳು ಯಾರನ್ನೂ ಹಚ್ಚಿಕೊಳ್ಳುವುದಿಲ್ಲ.

ಬಾಗಿದ ಚೂರಿಗೆ ತೊಟ್ಟಿನ ಬಾಲ, ಸಾಸಿವೆಯ ಕಣ್ಣು.
"ಬಂಗುಡೆ" ಎಂದೆ.
"ಬಂಗುಡೆಗೆ ಇಷ್ಟು ಹೊಟ್ಟೆ ಇಲ್ಲ, ಇದು ಮಾಂಜಿ"
ಎಂದ ರಾಹಿಲ್. ಅವನ ಅಪ್ಪನದು ಮೀನಿನ ಟೆಂಪೊ,
ವಾದ ಮಾಡಿ ಲಾಭವಿಲ್ಲ.

ಫ್ಯಾನಿನ ಡಬ್ಬದ ರಟ್ಟಿನಿಂದ ಹುಲಿಯ ಮುಖ ಬಂತು.
ಮೀಸೆಗೆ ಕೆಂಪು ನೂಲು. ಕಿವಿಗೆ ಚೂರು ಸಾಲಲಿಲ್ಲ,
ಒಳ್ಳೆ ಎಲೆಯೇ ತೆಗೆದೆ, ಐದು. ಇರಲಿ.
ತಾಸೆಯ ಸದ್ದು ಕೇಳಿದರೆ ಮಂಚದಡಿ ಸೇರುವ ರಾಹಿಲ್
ನಾಲಗೆ ಕಚ್ಚಿಕೊಂಡು ಪಟ್ಟೆ ಅಂಟಿಸಿದ, ಒಂದೊಂದೇ,
ಒಂದು ಪಟ್ಟೆ ಹುಲಿಯ ಹಲ್ಲಿನ ಮೇಲೆಯೇ.
ಅಷ್ಟರಲ್ಲಿ ರಸ್ತೆಯಲ್ಲಿ ವೇಷ ಬಂತು. ಡಂಗುಡಂಗು ಡಂಗುಡಂಗು.
ಅವನು ಎದ್ದ. ಮುಖವಾಡ ಹಿಡಿದು ಗೇಟಿನ ಕಡೆ ಹೊರಟ,
ಅರ್ಧ ದೂರ ಹೋದ.
ವಾಪಸು ಬಂದು ನನ್ನ ಸೀರೆಯ ಹಿಂದೆ ನಿಂತ,
ಮುಖವಾಡ ಮಾತ್ರ ಹೊರಗೆ.

ಆಗಲೇ ನೋಡಿದ್ದು.
ತನ್ವಿತಾ ಒಂದು ಚೌಕ ಚೂರು ಎತ್ತಿ
ಮೂಲೆ ಓರೆ ಮಾಡಿ, ಹೆಬ್ಬೆರಳಲ್ಲಿ ಒತ್ತಿ
ಉರುಟಿದಳು. ಉಗುರಿನಿಂದ ತುದಿ ಮಡಚಿದಳು.
ನೂಲು ಎರಡು ಸುತ್ತು, ಹಲ್ಲಿನಿಂದ ಕಡಿದಳು.
ಯಾರೂ ಕಲಿಸಿದ್ದಲ್ಲ.
ಐದು ವರ್ಷದ ಬೆರಳಿನಲ್ಲಿ
ನನ್ನಮ್ಮನ ಮಡಿಕೆ.

ಕಿತ್ತುಕೊಳ್ಳಲು ಕೈ ಮುಂದೆ ಹೋಗಿತ್ತು.
"ಎಂತ ಅದು?" ಸ್ವರ ಸ್ವಲ್ಪ ದೊಡ್ಡದೇ ಆಯಿತು.
"ಇರುವೆಯ ಚಾಪೆ. ಸುತ್ತಿ ಇಟ್ಟದ್ದು.
ಮದುವೆ ಮುಗಿಯಿತಲ್ಲ."

ನೂಲು ಬಿಚ್ಚಿ, ಎಲೆಯನ್ನು ಬಿಸಿಲಿಗೆ ಹಾಸಿಕೊಟ್ಟೆ.
ಇನ್ನೊಂದು ಮದುವೆ ಇರಲಿ ಅಂದೆ.
ರಾತ್ರಿ ಅವರು ಮಲಗಿದ ಮೇಲೆ
ಮುನ್ನೂರನ್ನು ಕಟ್ಟಲು ಕೂತೆ.

ಶನಿವಾರ ಬ್ರಾಂಚಿನಲ್ಲಿ ಎಣಿಸುವ ಶೀನಣ್ಣ
ಬುಟ್ಟಿಯ ತಳ ಕೊಡವಿದರು. ಮಾಂಜಿ ಬಿತ್ತು,
ಕಣ್ಣು ಕಳಚಿದ್ದು.
ಕನ್ನಡಕದ ಮೇಲಿಂದ ನೋಡಿದರು, ನನ್ನನ್ನಲ್ಲ, ಅದನ್ನು.
"ಹದಿನೈದು ಕಡಿಮೆ ಉಂಟು" ಎಂದು ಬರೆದರು.
ಪುಸ್ತಕ ಮುಚ್ಚುವಾಗ ಮೀನು ಒಳಗೇ ಉಳಿಯಿತು,
ನನ್ನ ಹೆಸರಿನ ಪುಟದಲ್ಲಿ.

ಕೊಡಿ ಎಂದು ಕೇಳಲಿಲ್ಲ.