ಕೆಳಗ ಕೆರಿ

ಮೂವತ್ತೊಂದು ವರ್ಷ ಗಾಡಿ ಕೆಳಗ ಮಲಗೀನಿ ನಾನು,
ಗಬ್ಬೂರ ಬೈಪಾಸಿನ್ಯಾಗ, ಗೋಣಿಚೀಲ ಹಾಸಿ,
ಲಾರಿ ಹೊಟ್ಟಿ ಕಡೆ ಮಾರಿ ಮಾಡಿ.
ನಟ್ಟು ಬಿಚ್ಚಿದರ ಎಣ್ಣಿ ತಾನ ಇಳೀತಿತ್ತು.
ಎಳಕೊಳ್ಳೂದು ಭೂಮಿ ಕೆಲಸ,
ನಂದೇನು, ಡಬ್ಬಿ ಹಿಡಿಯೂದು.

ಇಲ್ಲಿ ಉಣಕಲ್ ಕೆರ್ಯಾಗ ದೋಣಿ ಕಟ್ಟ್ಯಾರ.
ಇಂಜಿನ್ನು ನಟ್ಟನಡುವ, ಮುಚ್ಚಳದ ಕೆಳಗ,
ಹಗೇವಿನ್ಯಾಗ ಜ್ವಾಳ ಇಟ್ಟಂಗ.
ಅದರ ಕೆಳಗ ಹ್ಯಾಂಗ ಹೋಗ್ಲಿ ನಾನು?
ಅದರ ಕೆಳಗ ಒಂದು ಬೆರಳ ಫೈಬರು,
ಫೈಬರಿನ ಕೆಳಗ ಕೆರಿ.

ಪುರ್ಸು ಹರಿಕಂತ್ರ ನಗತಾನ. ಕಾರವಾರದವ,
ಸಮುದ್ರ ಬಿಟ್ಟು ಈ ಕೆರಿಗೆ ಪಗಾರಕ್ಕ ಬಂದಾವ.
"ಮೊದ್ಲು ಸ್ಟಾರ್ಟ್ ಮಾಡಿ ಮೇಸ್ತ್ರಿ, ಬಿಸಿ ಆಗ್ಲಿ.
ತಣ್ಣಗಿದ್ರೆ ಎಣ್ಣೆ ಬಾಯಿ ಬಿಡೂದಿಲ್ಲ."

ಹತ್ತು ಮಿನಿಟು ಕಟ್ಟಿದಲ್ಲೇ ಗುರುಗುಟ್ಟಿತು.
ಅಂತರಗಂಗಿ ಎಲಿ ನಡಗಿದವು. ರಸ್ತಾದ ಮ್ಯಾಲ
ಚಿಗರಿ ಬಸ್ಸು ತನ್ನ ಪಾಡಿಗೆ ಧಾರವಾಡಕ್ಕ ಹೊಂಟಿತ್ತು.

ಮೀಟರ್ ನೋಡಿದೆ. ಕಿಲೋಮೀಟರ್ ಇಲ್ಲ ಅದರಾಗ,
ತಾಸು ಅಷ್ಟ: ಮುನ್ನೂರಾ ಆರು.
ಹೊಸದು ತಂದಾಗಿಂದ ಎಣ್ಣಿ ಬದಲಾಗಿಲ್ಲಂತ.
"ಎಲ್ಲಿಗೆ ಹೋಗಿತ್ತೋ ಇದು ಇಷ್ಟು ತಾಸು?"
"ಎಲ್ಲಿಗೂ ಇಲ್ಲ. ನಡುಗಡ್ಡೆ ಸುತ್ತಿ ವಾಪಸ್. ಮೂವತ್ತು ರೂಪಾಯಿ."

ಅಳತಿಕಡ್ಡಿ ತಗದು, ಆ ಸಣ್ಣ ತೂತಿನ್ಯಾಗ
ನಳಿಗಿ ಇಳಿಸಿದೆ.
ಗೂಳಪ್ಪ ಪಂಪು ಒತ್ತತಾನ, ಎಣಸ್ತಾನ,
ಹದಿನೆಂಟಕ್ಕ ತಪ್ಪಿ ಮತ್ತ ಒಂದರಿಂದ.
ಎಣ್ಣಿ ಮ್ಯಾಲಕ್ಕ ಬರತೈತಿ. ಮ್ಯಾಲಕ್ಕ!
ಬೀಳೂ ಎಣ್ಣಿ ಕಂಡಾವ ನಾನು,
ಏರೂ ಎಣ್ಣಿ ಇವತ್ತ ನೋಡಿದೆ.
ಕಾಡಿಗಿಕಿಂತ ಕಪ್ಪು. ವಾಸನಿ ಮಾತ್ರ ಲಾರೀದ.

ಫಿಲ್ಟರು ಅಡ್ಡ ಮಲಗಿತ್ತು, ಬಿಚ್ಚಿದರ ಚೆಲ್ಲೂ ಹಂಗ.
ಪ್ಲಾಸ್ಟಿಕ್ ಚೀಲ ತೊಡಿಸಿ ತಿರುವಿದೆ,
ಕೂಸಿಗೆ ಕುಂಚಿಗಿ ಕಟ್ಟಿದಂಗ.
ಆದ್ರೂ ನಾಕು ಹನಿ ದೋಣಿ ತಳಕ್ಕ.
ಪುರ್ಸು ಅರಿವಿ ಒಗದ: "ಕೆರೆಗೆ ಹೋಗ್ಬಾರ್ದು ಮಾರಾಯ,
ಒಂದು ಹನಿ ನೀರ ಮೇಲೆ ಎಷ್ಟು ಹಾಸ್ತದೆ ಗೊತ್ತುಂಟಾ?"
ಗೊತ್ತಿರಲಿಲ್ಲ. ನಮ್ಮ ಗ್ಯಾರೇಜಿನ ನೆಲ
ಇಷ್ಟು ವರ್ಷ ಕುಡದೈತಿ, ಒಂದ ಮಾತಾಡಿಲ್ಲ.

ಆಮ್ಯಾಲ ಗೇರ್ ಬಾಕ್ಸು.
ಕೆಂಪಗ ಇರಬೇಕಿತ್ತು ಅದರ ಎಣ್ಣಿ.
ಬಂದಿದ್ದು ಗುಲಾಬಿ ಹಾಲು,
ಲಗ್ನದ ಮನ್ಯಾಗ ಸಣ್ಣ ಗ್ಲಾಸಿನ್ಯಾಗ ಕೊಡತಾರಲ್ಲ, ಅದು.
ಗೂಳಪ್ಪ ನಕ್ಕ. ಪುರ್ಸು ನಗಲಿಲ್ಲ.
ನಾನೂ ನಗಲಿಲ್ಲ.

ಕೆರಿ ಒಳಗ ಬಂದೈತಿ.

ತಂಪು ಮಾಡೂ ಕೊಳವ್ಯಾಗ, ಎಲ್ಲೋ, ಸೂಜಿಮೊನಿಯಷ್ಟ ತೂತು.
ಹಗಲೆಲ್ಲ ದೋಣಿ ಕೆರಿ ಸುತ್ತತಿದ್ದರ
ಕೆರಿ ಸುಮ್ಮನ ದೋಣಿಯೊಳಗ ಸುತ್ತತಿತ್ತು.

ಕೂಲರ್ ಬಿಚ್ಚಿ ಬೆಸಗಿ ಹಾಕಿಸಿಕೊಂಡು ಬರೂದ್ರಾಗ ಸಂಜಿ ನಾಕು.
ಹೊಸಾ ಎಣ್ಣಿ ಹಾಕು, ಹಿಂದ ಮುಂದ ಗೇರು ಆಡಿಸು, ತಗಿ.
ಇನ್ನೂ ಗುಲಾಬಿ. ಮತ್ತ ಹಾಕು, ತಗಿ.
ಮೂರನೇ ಸಲಕ್ಕ ಕೆಂಪು ಕೆಂಪಾಗಿ ನಿಂತಿತು.
ಇಷ್ಟು ಡಬ್ಬಿ ರೊಕ್ಕ ಯಾರು ಕೊಡಬೇಕು ಅಂತ
ಸಾಹೇಬರಿಗೆ ಫೋನು ಹಚ್ಚಿದರ ಎತ್ತಲಿಲ್ಲ.

ಹೊಸಾ ಇಂಜಿನ್ ಎಣ್ಣಿ ಎಷ್ಟು ತಿಳಿ ಅಂದರ
ಅಳತಿಕಡ್ಡಿ ಮ್ಯಾಲ ಕಾಣೂದ ಇಲ್ಲ.
ಬಿಸಲಿಗೆ ಹಿಡದು, ವಾರಿ ಮಾಡಿ ನೋಡಬೇಕು.
ಪುರ್ಸು, ಒಂದು ಸುತ್ತು ಬನ್ನಿ ಅಂದ. ಒಲ್ಲೆ ಅಂದೆ.
ಗೂಳಪ್ಪನ್ನ ಕಳಿಸಿ
ದಂಡಿ ಮ್ಯಾಲ ಕುಂತು ಕಿವಿ ಕೊಟ್ಟೆ. ಸಪ್ಪಳ ಚಲೋ ಇತ್ತು.

ಈಗ ಕರಿ ಎಣ್ಣಿ ಕ್ಯಾನು ಗಾಡಿ ಹಿಂದ ಕಟ್ಟೀನಿ.
ಮಂಟೂರ ರೋಡಿನ ಸೆಂಟ್ರಿಂಗ್ ಮಕ್ತುಂಸಾಬ ಕೇಳ್ಯಾನ,
ಸ್ಲ್ಯಾಬಿನ ಹಲಗಿಗೆ ಬಳಿಯಾಕ, ಸಿಮೆಂಟು ಹಿಡೀಬಾರದಂತ.
ಮುನ್ನೂರಾ ಆರು ತಾಸು ಎಲ್ಲಿಗೂ ಹೋಗದ ಎಣ್ಣಿ
ಯಾರದೋ ಮನಿ ಮಾಳಗಿಗೆ ಹೊಂಟೈತಿ.
ಸಿಗ್ನಲ್ಲಿನ್ಯಾಗ ಬ್ರೇಕು ಹಾಕಿದಾಗೊಮ್ಮೆ
ಕ್ಯಾನು ಬೆನ್ನಿಗೆ ಹತ್ತತೈತಿ,
ಬಿಸಲಾಗ ಇಟ್ಟಿದ್ದಕ್ಕೋ ಏನೋ, ಇನ್ನೂ ಉಗುರುಬೆಚ್ಚಗ.