ನಂಬರು ಮಾವಿನದು

ಎಸ್ತಾನ್ಸಿಯಾದಿಂದ ಇಲೊಯಿಲೊಗೆ ಬಸ್ಸಿನಲ್ಲಿ ನಾಲ್ಕು ತಾಸು,
ಒಣಮೀನಿನ ಬುಟ್ಟಿಗಳ ನಡುವೆ ಕೂತು ಬಂದಿದ್ದಾಳೆ ಮನಾಂಗ್ ಹೆನಾ.
ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡದ್ದನ್ನು
ನನ್ನ ಮೇಜಿನ ಮೇಲಿಟ್ಟು ಬಿಚ್ಚಿದಳು,
ಹಸುಗೂಸಿನ ಮುಖ ತೋರಿಸುವ ಹಾಗೆ.

ಒಂದು ಬಾಟಲಿ. ಹಸಿರು ಮುಚ್ಚಳ.
ಚೀಟಿಯ ಮೇಲೆ ನಗುವ ಡಾಕ್ಟರು, ಎಲ್ಲಿಯವನೋ, ಯಾರ ಮಗನೋ.
ಅವನ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ
ಸಕ್ಕರೆ, ಬಿ.ಪಿ., ಮಂಡಿನೋವು, ಮೂಲವ್ಯಾಧಿ,
ಗಂಡಸರ ಚಿಂತೆ, ಹೆಂಗಸರ ನಿದ್ದೆ,
ಎಲ್ಲಕ್ಕೂ ಒಂದೇ ಚಮಚ.

"ತೊತೊ," ಅಂದಳು. ಮಗನ ವಯಸ್ಸಿನವರಿಗೆಲ್ಲ ಇಲ್ಲಿ ಅದೇ ಹೆಸರು.
"ಸರ್ಕಾರ ಒಪ್ಪಿದ್ದೇ ಇದು, ನೋಡಿ ಹೇಳು.
ನಂಬರಿದೆ. ಬೆರಳಿಟ್ಟು ನಾನೇ ಓದಿದ್ದೇನೆ."

ಇದೆ.
ಸುಳ್ಳಿಗೂ ಈಗ ನಂಬರು ಬೇಕು.
ಒಂದೊಂದೇ ಅಂಕಿ ಒತ್ತಿದೆ. ಪರದೆ ಯೋಚಿಸಿತು.
ಫ್ಯಾನು ಫೈಲುಗಳ ಅಂಚನ್ನು ಎತ್ತಿ ಎತ್ತಿ ಬಿಟ್ಟಿತು.
ಗೋಡೆಯ ಹಲ್ಲಿ ಲೊಚಗುಟ್ಟಿತು, ಯಾರ ಮಾತಿಗೋ.

ಉತ್ತರ ಬಂತು, ಹೆಸರು ಸಮೇತ:
ಒಣಗಿಸಿದ ಮಾವಿನ ಹೋಳು. ಸಕ್ಕರೆ ಹಚ್ಚಿದ್ದು. ನೂರು ಗ್ರಾಂ ಪೊಟ್ಟಣ.
ಕಿಟಕಿಯಿಂದ ಕಾಣುವ ಗಿಮರಾಸ್ ದ್ವೀಪದ ಯಾವುದೋ ಸಣ್ಣ ಕಾರ್ಖಾನೆಯದು.
ನಂಬರೂ ನಿಜ, ಬಾಟಲಿಯೂ ನಿಜ,
ಒಂದಕ್ಕೊಂದು ಮುಖಪರಿಚಯವಿಲ್ಲ.

ಸಕ್ಕರೆ ಇಳಿಸುವ ನೀರಿಗೆ
ಸಕ್ಕರೆ ಹಚ್ಚಿದ ಹಣ್ಣಿನ ನಂಬರು. ಹೇಗೆ ಹೇಳುವುದು?
ಹೇಳಿದೆ.
ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು.
ಬಾಗಿಲ ಕಾವಲಿನವನು ಇಣುಕಿ, ಏನೆಂದು ತಿಳಿಯದೆ, ತಾನೂ ನಕ್ಕ.
ಆಮೇಲೆ ಟವೆಲ್ಲು ಮಡಚತೊಡಗಿದಳು,
ನಾಲ್ಕು ಮಡಿಕೆ, ಎಂಟು, ಇನ್ನು ಮಡಚಲಾಗದಷ್ಟು.

"ಮೂರು ತಿಂಗಳಾಯಿತು ಕ್ವಿರಿನೋ ಆಸ್ಪತ್ರೆಯ ಮಾತ್ರೆ ಬಿಟ್ಟು.
ಇದಿದ್ದರೆ ಅದು ಬೇಡವಂತೆ.
ಕಾಲಿನ ಒಂದು ಬೆರಳು ಕಪ್ಪಗಾಗಿದೆ.
ಬಲೆಯ ಹಗ್ಗ ಉಜ್ಜಿದ್ದು ಅನ್ನುತ್ತಾನೆ.
ಹಾಗಾದರೆ ಇದು ವಿಷವಾ?"

ಗೊತ್ತಿಲ್ಲ ಮನಾಂಗ್. ಪಟ್ಟಿಯಲ್ಲಿಲ್ಲ ಅಂದರೆ ವಿಷ ಅಂತಲ್ಲ.
ಮುಚ್ಚಳ ತೆಗೆದು ಒಳಗೇನಿದೆಯೆಂದು
ಯಾರೂ ನೋಡಿಲ್ಲ, ಅಷ್ಟೇ.
ಅಷ್ಟೇ ಎಂಬ ಮಾತು ಗಂಟಲಲ್ಲಿ ಮೀನಿನ ಮುಳ್ಳಾಯಿತು.

ದೂರಿನ ಫಾರಂ ಕೊಟ್ಟೆ.
ಕೊಂಡ ದಿನ, ಕೊಟ್ಟ ದುಡ್ಡು, ಎಲ್ಲ ನೆನಪಿತ್ತು ಅವಳಿಗೆ.
'ಮಾರಿದವರು' ಎಂಬಲ್ಲಿ ಪೆನ್ನು ನಿಂತಿತು.
ಮಾರಿದವಳು ಅವಳ ಕಿರಿಮಗನನ್ನು
ಇಗರ್ಜಿಯ ನೀರಿಗೆ ಎತ್ತಿ ಹಿಡಿದ ಧರ್ಮತಾಯಿ.
ಬಿರುಗಾಳಿಯ ವರ್ಷ ಸೂರು ಹಾರಿಹೋದಾಗ
ಹದಿನೆಂಟು ದಿನ ಮನೆಮಂದಿಗೆಲ್ಲ ಅನ್ನ ಹಾಕಿದವಳು.
"ಅವಳೂ ಕುಡಿಯುತ್ತಾಳೆ ತೊತೊ, ದಿನಕ್ಕೆರಡು ಸಲ.
ಮೋಸ ಮಾಡುವವರು ತಾವೇ ಕುಡಿಯುತ್ತಾರಾ?"

ಈ ಪ್ರಶ್ನೆ ಹಾಕಲು ನನ್ನ ಕಂಪ್ಯೂಟರಿನಲ್ಲಿ ಜಾಗವಿಲ್ಲ.

ಆ ಒಂದು ಸಾಲು ಖಾಲಿ ಬಿಟ್ಟು
ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದಳು.
ಎದ್ದವಳು ಬಾಟಲಿ ಕೇಳಿದಳು:
"ಒಳಗಿನದು ನೀನಿಟ್ಟುಕೋ, ಖಾಲಿಯದು ಕೊಡು, ವಿನೆಗರಿಗಾಗುತ್ತದೆ."
ಕೊಡುವ ಹಾಗಿಲ್ಲ, ಪರೀಕ್ಷೆಗೆ ಹೋಗಬೇಕು.
ಬದಲಿಗೆ ಒಂದು ಚೀಟಿ ಬರೆದುಕೊಟ್ಟೆ, ದಪ್ಪ ಅಕ್ಷರದಲ್ಲಿ:
ಬೆರಳು. ಆಸ್ಪತ್ರೆ. ನಾಳೆ ಅಲ್ಲ, ಇವತ್ತು.
ಎರಡು ಗಂಟೆಯ ಬಸ್ಸಿಗೆ ಓಡಿದಳು.

ಎಂಟು ದಿನ ಕಳೆದು, ಊಟದ ಹೊತ್ತಿಗೆ,
ಮತ್ತೊಬ್ಬಳು ಬಂದು ನಿಂತಳು. ಗುಂಡು ಮುಖ, ತುಟಿಗೆ ಬಣ್ಣ,
ಎರಡೂ ಕೈಯಲ್ಲಿ ಅಕ್ಕಿಚೀಲ. ಚೀಲದೊಳಗೆ ಗಾಜಿನ ಸದ್ದು.
"ಮೂವತ್ತೊಂದು ಇವೆ. ಎಣಿಸಿಕೋ.
ನನ್ನದು ಒಂದು ಅರ್ಧ ಕುಡಿದದ್ದು."
ಕ್ವಿರಿನೋ ಹೇಗಿದ್ದಾನೆ, ಕೇಳಿದೆ.
"ಬೆರಳು ಹೋಯಿತು. ಕಾಲು ಉಳಿಯಬಹುದು ಅಂದಿದ್ದಾರೆ."
ಕುರ್ಚಿ ತೋರಿಸಿದೆ, ಕೂರಲಿಲ್ಲ.
ಚೀಲ ಇಳಿಸಿ, ಬೆವರು ಒರೆಸಿ, ಪೆನ್ನಿಗೆ ಕೈ ಚಾಚಿದಳು:
"ಹೆನಾ ಖಾಲಿ ಬಿಟ್ಟ ಸಾಲು ಯಾವುದು, ತೋರಿಸು."